ಕಾಗೆಗರಿಯ ಉಗುರು

ನಮ್ಮ ದೊಡ್ಡಮ್ಮನಿಗೆ ಬೀದಿಯವರು ಇಟ್ಟ ಹೆಸರು ಕಾಗೆ ಡಾಕ್ಟರು. ಅವಳು ಕಾಗೆಗಳಿಗೆ ಔಷಧಿಯನ್ನೇನೂ ಕೊಡುವುದಿಲ್ಲ. ಕಾಗೆಗಳು ಗರಿ ಉದುರಿಸುವ ತಿಂಗಳುಗಳಲ್ಲಿ ಬೆಳಿಗ್ಗೆ ಎದ್ದು, ಬಟ್ಟೆಯ ಚೀಲ ಹಿಡಿದು, ರೈಲು ನಿಲ್ದಾಣದ ಹಿಂದಿನ ದೊಡ್ಡ ಮರಗಳ ಕೆಳಗೆ ಬಗ್ಗಿ ಬಗ್ಗಿ ಹುಡುಕುತ್ತಾಳೆ. ರೆಕ್ಕೆಯ ಉದ್ದ ಗರಿ ಸಿಕ್ಕರೆ ಬೆಳಕಿಗೆ ಹಿಡಿದು ನೋಡುತ್ತಾಳೆ. ದಂಟನ್ನು ಹಲ್ಲಿನಲ್ಲಿ ಮೆಲ್ಲಗೆ ಕಚ್ಚಿ ಪರೀಕ್ಷಿಸುತ್ತಾಳೆ. ಚೆನ್ನಾಗಿದ್ದರೆ ಚೀಲಕ್ಕೆ, ಇಲ್ಲದಿದ್ದರೆ ನೆಲಕ್ಕೆ.

"ಏನ್ ಡಾಕ್ಟ್ರೇ, ಇವತ್ತು ಎಷ್ಟು ಪೇಷಂಟು?" ಎಂದು ಹಾಲಿನವನು ಸೈಕಲ್ಲಿನಿಂದಲೇ ಕೇಳುತ್ತಾನೆ.

"ನೀನೂ ಸೇರಿ ಒಂಬತ್ತು," ಎಂದು ದೊಡ್ಡಮ್ಮ ತಲೆ ಎತ್ತದೆ ಹೇಳುತ್ತಾಳೆ.

ಗರಿ ಬೇಕಾಗುವುದು ಅವಳ ಕೆಲಸಕ್ಕೆ. ಹಾರ್ಪ್ಸಿಕಾರ್ಡ್ ಎಂಬ ಹಳೆಯ ಕಾಲದ ವಾದ್ಯವೊಂದಿದೆ. ನೋಡಲು ಪಿಯಾನೋದಂತಿದ್ದರೂ ಅದರ ಹೊಟ್ಟೆಯೊಳಗಿನ ವ್ಯವಸ್ಥೆಯೇ ಬೇರೆ. ಪಿಯಾನೋದ ಕೀ ಒತ್ತಿದರೆ ಒಳಗಿನ ಸುತ್ತಿಗೆ ತಂತಿಗೆ ಹೊಡೆಯುತ್ತದೆ. ಇದರಲ್ಲಿ ಕೀ ಒತ್ತಿದರೆ ಅದರ ಹಿಂತುದಿಯಲ್ಲಿ ನಿಂತ ಮರದ ತೆಳು ಪಟ್ಟಿ ಮೇಲೇಳುತ್ತದೆ. ಆ ಪಟ್ಟಿಗೆ ಸಿಕ್ಕಿಸಿದ ಗರಿದಂಟಿನ ಚೂರು ತಂತಿಯನ್ನು ಮೀಟುತ್ತದೆ. ಆ ಚೂರಿಗೆ ನಮ್ಮ ಮನೆಯಲ್ಲಿ ಉಗುರು ಎಂದು ಹೆಸರು. ಅಕ್ಕಿಕಾಳಿಗಿಂತ ಸ್ವಲ್ಪ ಉದ್ದ, ಅಷ್ಟೇ. ಅದರ ಅಡಿಭಾಗವನ್ನು ಚಾಕುವಿನಿಂದ ಕೂದಲೆಳೆಯಷ್ಟು ಕೆರೆದರೆ ಸ್ವರ ಮೆತ್ತಗಾಗುತ್ತದೆ. ಇನ್ನೊಂದು ಎಳೆ ಕೆರೆದರೆ ಸೊರಗುತ್ತದೆ. ಮತ್ತೂ ಒಂದು ಎಳೆ ಕೆರೆದರೆ ಉಗುರಿನ ಆಯುಷ್ಯವೇ ಮುಗಿಯುತ್ತದೆ. ದೊಡ್ಡಮ್ಮ ಇದನ್ನು ಕಲಿತದ್ದು ಅವಳ ಅಪ್ಪನಿಂದ, ಅಂದರೆ ನಮ್ಮ ಅಜ್ಜನಿಂದ.

ಊರಿನ ಸಂಗೀತ ಸಭಾಂಗಣದಲ್ಲಿ ಅಂಥದೊಂದು ವಾದ್ಯ ಇತ್ತು, ಈಗಲೂ ಇದೆ. ನಲವತ್ತೊಂಬತ್ತು ಕೀ. ಒಂದೊಂದಕ್ಕೂ ಒಂದೇ ತಂತಿ, ಒಂದೇ ಉಗುರು. ಅಜ್ಜ ಮೂವತ್ತು ವರ್ಷ ಅದನ್ನು ನೋಡಿಕೊಂಡ. ಇಪ್ಪತ್ತೆರಡು ವರ್ಷದ ಹಿಂದೆ ಒಬ್ಬ ಯುವಕ ಅದಕ್ಕಾಗಿ ಹೊಸ ಸಂಗೀತ ಬರೆದ. ಹಳೆಯ ವಾದ್ಯಕ್ಕೆ ಹೊಸ ಸಂಗೀತ ಬರೆಯುವುದು ಆಗ ಇಲ್ಲಿ ಹೊಸ ಸುದ್ದಿ, ಪತ್ರಿಕೆಯಲ್ಲಿ ಅವನ ಫೋಟೋ ಕೂಡ ಬಂತು. ನಮ್ಮ ಮನೆಯಲ್ಲಿ ಅವನ ಹೆಸರನ್ನು ಯಾರೂ ಹೇಳುವುದಿಲ್ಲ. ಅಜ್ಜಿ ಅವನನ್ನು 'ಹೊಸ ಸಂಗೀತದವನು' ಎನ್ನುತ್ತಾಳೆ. ನಾನೂ ಹಾಗೆಯೇ ಬರೆಯುತ್ತೇನೆ.

ಅವನ ಸಂಗೀತದಲ್ಲಿ ಒಂದು ಕಡೆ ಕೀಗಳ ಮೇಲೆ ಅಂಗೈಯಿಂದ ಬಡಿಯಬೇಕಿತ್ತು. ಅಜ್ಜ ಅದನ್ನು ಕೇಳಿ ಅವನ ಬಳಿಗೆ ಹೋಗಿ ಹೇಳಿದ: "ಸ್ವಾಮಿ, ಇದು ಡೋಲಲ್ಲ. ಜೋರಾಗಿ ಹೊಡೆದ್ರೆ ಸದ್ದು ಜಾಸ್ತಿ ಆಗಲ್ಲ, ಉಗುರು ಮುರಿಯುತ್ತೆ." ಒಂದು ಸಲವಲ್ಲ, ಮೂರು ಸಲ ಹೇಳಿದ. ಅವನು ನಕ್ಕು ಅಜ್ಜನ ಹೆಗಲು ತಟ್ಟಿದ.

ಕಛೇರಿಯ ದಿನ ಅವನೇ ನುಡಿಸಿದ, ಅವನೇ ಬಡಿದ. ಏಳು ಉಗುರು ಮುರಿದವು, ಎರಡು ತಂತಿ ಹರಿದವು. ಸಂಗೀತ ಅರ್ಧಕ್ಕೆ ನಿಂತಿತು. ಅವನು ಎದ್ದು ನಿಂತು ಜನರಿಗೆ ಹೇಳಿದ: "ಸಂಗೀತ ಹೊಸದು, ರಿಪೇರಿ ಮಾಡಿದ ಕೈ ಹಳೇದು. ದಯವಿಟ್ಟು ಕ್ಷಮಿಸಿ." ಜನ ನಕ್ಕರು. ಅಜ್ಜ ವೇದಿಕೆಯ ಪಕ್ಕದ ಪರದೆಯ ಹಿಂದೆ ಚಾಕು ಮತ್ತು ಗರಿಗಳ ಪೆಟ್ಟಿಗೆ ಹಿಡಿದು ನಿಂತಿದ್ದ. ದೊಡ್ಡಮ್ಮನಿಗೆ ಆಗ ಇಪ್ಪತ್ತಾರು, ಅವಳೂ ಅವನ ಪಕ್ಕದಲ್ಲಿದ್ದಳು. ಮಾರನೆಯ ದಿನ ಪತ್ರಿಕೆಯವರು ಆ ಮಾತನ್ನೇ ತಲೆಬರಹ ಮಾಡಿದರು.

ಸಭಾಂಗಣದವರು ಉಗುರುಗಳನ್ನೆಲ್ಲ ಕಿತ್ತು, ಬೇರೆ ಊರಿನವರಿಂದ ಪ್ಲಾಸ್ಟಿಕ್ಕಿನವನ್ನು ಹಾಕಿಸಿದರು. ಅಜ್ಜ ಆಮೇಲೆ ಆರು ವರ್ಷ ಬದುಕಿದ್ದ. ದಿನವೂ ಬೆಳಿಗ್ಗೆ ಕೆಲಸದ ಮೇಜಿನ ಮುಂದೆ ಸ್ಟೂಲು ಎಳೆದು ಕೂತು ಚಾಕು ಮಸೆಯುತ್ತಿದ್ದ, ಏನನ್ನೂ ಕೊಯ್ಯುತ್ತಿರಲಿಲ್ಲ. ಮಸೆದು, ಒರೆಸಿ, ಒಳಗಿಟ್ಟು, ಗೋಡೆ ನೋಡುತ್ತ ಕೂರುತ್ತಿದ್ದ. ಕೊನೆಕೊನೆಗೆ ಚಾಕುವಿನ ಅಲಗು ಸವೆದು ಹುಲ್ಲಿನೆಸಳಿನಂತಾಯಿತು. ದೊಡ್ಡಮ್ಮ ಈಗಲೂ ಅದರಲ್ಲೇ ಕೆಲಸ ಮಾಡುತ್ತಾಳೆ. ಬೇರೆ ಬೇರೆ ಊರಿನ ವಾದ್ಯಗಾರರು ಮರದ ಪಟ್ಟಿಗಳನ್ನು ಅಂಚೆಯಲ್ಲಿ ಕಳಿಸುತ್ತಾರೆ, ಅವಳು ಉಗುರು ಕಟ್ಟಿ ಮರಳಿ ಕಳಿಸುತ್ತಾಳೆ. ಆದರೆ ಇದೇ ಊರಿನ ಸಭಾಂಗಣದಿಂದ ಹದಿನಾರು ನಿಮಿಷದ ದಾರಿಯಲ್ಲಿದ್ದರೂ ಅವರು ಇವಳನ್ನು ಒಮ್ಮೆಯೂ ಕರೆಯಲಿಲ್ಲ.

ಈ ವರ್ಷ ಕರೆದರು. ಹೊಸ ಮ್ಯಾನೇಜರಿಗೆ ಹಳೆಯದು ಗೊತ್ತಿರಲಿಲ್ಲ. ಹೊಸ ಸಂಗೀತದವನು ಈಗ ದೊಡ್ಡ ಮನುಷ್ಯ. ಅದೇ ವಾದ್ಯಕ್ಕೆ ಇನ್ನೊಂದು ಕೃತಿ ಬರೆದಿದ್ದ. ಅದಕ್ಕೆ ಪ್ಲಾಸ್ಟಿಕ್ ಸಾಲದು, ನಿಜವಾದ ಹಕ್ಕಿಯ ಗರಿಯೇ ಬೇಕು ಎಂದು ಹಟ ಹಿಡಿದಿದ್ದ. ಗರಿ ಕೊಯ್ಯುವವರು ಯಾರು ಎಂದು ವಿಚಾರಿಸಿ, ನಮ್ಮ ಮನೆಯ ವಿಳಾಸ ಹಿಡಿದು ತಾನೇ ಬಂದ.

ಬಂದವನು ನೇರ ಹೋಗಿ ಅಜ್ಜನ ಸ್ಟೂಲಿನ ಮೇಲೆ ಕೂತ. ದೊಡ್ಡಮ್ಮ ಕೊಯ್ದಿಟ್ಟ ಉಗುರೊಂದನ್ನು ಬೆರಳ ತುದಿಯಲ್ಲಿ ಎತ್ತಿ ನೋಡಿ, "ಆಹಾ! ಇಂಥ ಕೈ ಈಗ ಎಲ್ಲಿ ಸಿಗುತ್ತಮ್ಮ?" ಎಂದ. "ಹಿಂದೆ ಈ ಊರಲ್ಲಿ ಯಾರೋ ಮುದುಕರೊಬ್ಬರು ಇದ್ರು. ಅವರ ಕೆಲಸ ಅಷ್ಟಕ್ಕಷ್ಟೇ. ಒಂದ್ಸಲ ನನ್ನ ಮರ್ಯಾದೆ ತೆಗೆದುಬಿಟ್ಟಿದ್ರು."

ಒಳಗೆ ಗರಿಗಳನ್ನು ಬೇರ್ಪಡಿಸುತ್ತಿದ್ದ ಅಜ್ಜಿ ಹೊರಗೆ ಬಂದು ಬಾಗಿಲಲ್ಲಿ ನಿಂತಳು. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಆ ಸ್ಟೂಲಿಂದ ಏಳಿ. ಅದರ ಕಾಲು ಸರಿ ಇಲ್ಲ."

ಅವನು ಗಡಬಡಿಸಿ ಎದ್ದ. ಸ್ಟೂಲಿನ ಕಾಲಿಗೆ ಏನೂ ಆಗಿರಲಿಲ್ಲ.

ಅವನು ಹೋದ ಮೇಲೆ ಅಜ್ಜಿ ಸ್ಟೂಲನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. "ಒಪ್ಕೊಂಡ್ಯಾ?" ಎಂದಳು.

"ಒಪ್ಕೊಂಡೆ."

"ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತಾರೆ. ಅವನು ಆಡಿದ ಮಾತಿಗೆ ನಿಮ್ಮಪ್ಪ ಹೋದ್ರು. ಅವನ ಕೆಲಸ ಹೇಗೆ ಒಪ್ಕೊಂಡೆ ನೀನು?"

ದೊಡ್ಡಮ್ಮ ಅವನು ಬಿಟ್ಟುಹೋದ ಸ್ವರಹಾಳೆಗಳನ್ನು ಬಿಡಿಸಿದಳು. ಅವಳ ಕಣ್ಣು ಕೊನೆಯ ಭಾಗದ ಮೇಲೆ ನಿಂತಿತು. ಅಲ್ಲಿ ಉಳಿದ ಸ್ವರಗಳೆಲ್ಲ ಒಂದೊಂದಾಗಿ ನಿಂತು, ಕೊನೆಗೆ ನಡುವಿನ ಒಂದೇ ಸ್ವರ ಉಳಿಯುತ್ತದೆ. ಅದೊಂದೇ ಕೀಯನ್ನು ಮತ್ತೆ ಮತ್ತೆ ಒತ್ತಬೇಕು. ಅವಳು ಪೆನ್ಸಿಲ್ ಹಿಡಿದು ಎಣಿಸಿದಳು. ಆರುನೂರ ನಲವತ್ತು ಸಲ.

ಬೂದಿ ಮುಚ್ಚಿದ ಕೆಂಡದಂತಿದ್ದವಳು ಅಂದು ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ಮೇಜಿನ ಮೇಲೆ ಒಂದೇ ಕೀಯ ಸಣ್ಣ ಮಾದರಿ ಇತ್ತು, ಉಗುರು ಪರೀಕ್ಷಿಸಲು ಅಜ್ಜ ಮಾಡಿದ್ದು. ಅದಕ್ಕೆ ಬೇಕೆಂದೇ ತೆಳ್ಳಗೆ ಕೆರೆದ ಉಗುರು ಸಿಕ್ಕಿಸಿ ಒತ್ತತೊಡಗಿದಳು. ಒತ್ತುತ್ತ ಎಣಿಸಿದಳು. ಒಳ್ಳೆಯ ಉಗುರು ವರ್ಷಗಟ್ಟಲೆ ಬಾಳುತ್ತದೆ. ಇದು ಐನೂರ ಎರಡಕ್ಕೆ ಮುರಿಯಿತು. ಇನ್ನೊಂದು ಕೊಯ್ದಳು, ನಾನೂರ ಎಪ್ಪತ್ತು. ಹತ್ತು ದಿನದಲ್ಲಿ ಹನ್ನೊಂದು ಉಗುರು ಮುರಿದು ನೋಡಿದಳು. ಎಲ್ಲವೂ ನಾನೂರಕ್ಕೆ ಮೇಲೆ, ಐನೂರ ಇಪ್ಪತ್ತಕ್ಕೆ ಕೆಳಗೆ. ಅಂದರೆ ಅವನ ಕೃತಿಯ ಕೊನೆಯಲ್ಲಿ, ಇಡೀ ಸಭಾಂಗಣ ಉಸಿರು ಹಿಡಿದು ಆ ಒಂದೇ ಸ್ವರವನ್ನು ಕೇಳುತ್ತಿರುವಾಗ, ಸ್ವರ ಇರುವುದಿಲ್ಲ. ಬರೀ ಮರದ ಟಕ್ ಟಕ್ ಇರುತ್ತದೆ.

ತಪ್ಪು ತನ್ನ ತಲೆಯ ಮೇಲೇ ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಆಮೇಲೆ ನಾನು ಕೇಳಿದಾಗ ಅವಳು ಹೇಳಿದ್ದಿಷ್ಟು: "ಹೆಸರು ಹೋಗಿ ಇಪ್ಪತ್ತೆರಡು ವರ್ಷ ಆಗಿತ್ತು. ಇಲ್ಲದೇ ಇರೋದನ್ನ ಇನ್ನೊಂದ್ಸಲ ಯಾರು ಕಿತ್ಕೋತಾರೆ? ಅವನದ್ದು ಇತ್ತಲ್ಲ. ಅದು ಹೋಗಲಿ ಅಂತ."

ಕಛೇರಿ ಒಂದು ಭಾನುವಾರ ಸಂಜೆ ಐದಕ್ಕೆ. ಹಿಂದಿನ ದಿನದ ಅಭ್ಯಾಸಕ್ಕೆ ಅವಳು ನಲವತ್ತೊಂಬತ್ತೂ ಒಳ್ಳೆಯ ಉಗುರುಗಳನ್ನೇ ಹಾಕಿದ್ದಳು. ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ನಡುವಿನ ಆ ಒಂದನ್ನು ತೆಗೆದು ತೆಳುವಾದದ್ದನ್ನು ಸಿಕ್ಕಿಸಿದಳು. ಎರಡು ನಿಮಿಷದ ಕೆಲಸ. ನಂತರ ಕೂತು ವಾದ್ಯದ ಶ್ರುತಿ ಮಾಡಿದಳು.

ನಾಲ್ಕು ಗಂಟೆಗೆ ನುಡಿಸುವ ಹುಡುಗಿ ಬಂದಳು. ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು, ಹೆದರಿಕೆಗೆ ಅಂಗೈ ಒರೆಸಿಕೊಳ್ಳುತ್ತಲೇ ಇದ್ದಳು. ಎರಡು ಕೈಯಲ್ಲೂ ಒಮ್ಮೆ ಕೀಗಳ ಮೇಲೆ ಓಡಾಡಿ ನಡುವಿನದರ ಮೇಲೆ ನಿಂತಳು.

"ಅಕ್ಕಾ, ಇದು ಇವತ್ತು ಬೆಣ್ಣೆ ತರ ಇದೆ. ಬೆರಳು ನೋಯುತ್ತೆ ಅಂದಿದ್ನಲ್ಲ, ನನಗೋಸ್ಕರ ಹಗುರ ಮಾಡಿದ್ರಾ?"

ದೊಡ್ಡಮ್ಮ "ಹೂಂ" ಎಂದಳು. ಆ ದಿನ ಅವಳಿಗೆ ನುಂಗಲು ಕಷ್ಟವಾದದ್ದು ಅದೊಂದೇ ಮಾತು. ಆದರೂ ನುಂಗಿದಳು. ಹುಡುಗಿಯ ಓಡಾಟದಿಂದ ಶ್ರುತಿ ಸ್ವಲ್ಪ ಇಳಿದಿತ್ತು, ಇನ್ನೊಮ್ಮೆ ಸರಿ ಮಾಡಿದಳು.

ಮೊದಲ ಅರ್ಧ ಕೊಳಲಿನವರದ್ದು. ಅದು ಮುಗಿದು ಇಪ್ಪತ್ತು ನಿಮಿಷದ ವಿರಾಮ ಬಂತು. ತುಂಬಿದ ಸಭಾಂಗಣದ ಸೆಕೆಗೆ ತಂತಿಗಳು ಮತ್ತೆ ಸಡಿಲವಾಗಿದ್ದವು. ದೊಡ್ಡಮ್ಮ ವೇದಿಕೆಗೆ ಹೋಗಿ ಮೂರನೆಯ ಸಲ ಶ್ರುತಿಗೆ ಕೂತಳು. ಅರ್ಧ ಜನ ಹೊರಗೆ ಹೋಗಿದ್ದರು, ಅರ್ಧ ಜನ ಕೂತು ಅವಳನ್ನೇ ನೋಡುತ್ತಿದ್ದರು. ಹೊಸ ಸಂಗೀತದವನು ಮೊದಲ ಸಾಲಿನಲ್ಲಿದ್ದ.

ಒಂದು ವಾದ್ಯದ ಶ್ರುತಿ ಮಾಡುವಾಗ ಮೊದಲು ಒಂದು ಸ್ವರವನ್ನು ಸರಿಪಡಿಸಿ, ಉಳಿದವನ್ನು ಅದಕ್ಕೆ ಹೊಂದಿಸುತ್ತ ಹೋಗಬೇಕು. ಆ ಸ್ವರವನ್ನು ಅಜ್ಜ 'ಮನೆ ಸ್ವರ' ಎನ್ನುತ್ತಿದ್ದ. ಎಷ್ಟು ದೂರ ಹೋದರೂ ಮನೆಗೆ ಬಂದು ಕೇಳಿಕೊಂಡು ಹೋಗಬೇಕು. ಒಂದು ಕೈ ಬೇರೆ ಬೇರೆ ತಂತಿಗಳ ಬಿರಡೆ ತಿರುಗಿಸುತ್ತಿದ್ದರೆ ಇನ್ನೊಂದು ಕೈ ಮತ್ತೆ ಮತ್ತೆ ಆ ಕೀಯನ್ನೇ ಒತ್ತುತ್ತಿರುತ್ತದೆ. ಇದು ದೊಡ್ಡಮ್ಮನ ಕೈಗೆ ಉಸಿರಾಟದಷ್ಟು ರೂಢಿ. ಉಸಿರನ್ನು ಯಾರಾದರೂ ಎಣಿಸುತ್ತಾರೆಯೇ? ಹೊಸ ಸಂಗೀತದವನು ಆರುನೂರ ನಲವತ್ತು ಸಲ ಬರೆದದ್ದು ಬೇರೆ ಯಾವುದೋ ಸ್ವರವಾಗಿರಲಿಲ್ಲ, ಈ ಮನೆ ಸ್ವರವೇ ಆಗಿತ್ತು. ಆ ಉಗುರನ್ನು ಯಾರ ಬೆರಳು ಎಷ್ಟು ಸಲ ಒತ್ತುತ್ತದೆ ಎಂದು ಹತ್ತು ದಿನ ಲೆಕ್ಕ ಹಾಕಿದವಳು ತನ್ನ ಬೆರಳನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಕೊನೆಯ ನಾಲ್ಕು ತಂತಿ ಬಾಕಿ ಇದ್ದಾಗ ಮನೆ ಸ್ವರ ಟಕ್ ಎಂದಿತು. ಅಷ್ಟೇ. ಉಗುರು ಅವಳ ಕೈಯಲ್ಲೇ ಮುರಿದಿತ್ತು.

ಇನ್ನೊಮ್ಮೆ ಒತ್ತಿದಳು. ಟಕ್. ಮೊದಲ ಸಾಲಿನಲ್ಲಿ ಅವನ ತಲೆ ಎದ್ದಿತು. ಮೆಟ್ಟಿಲು ಹತ್ತಿ ಓಡಿ ಬಂದ.

"ಏನಮ್ಮಾ? ಏನಾಯ್ತು?"

"ಉಗುರು ಹೋಯ್ತು."

"ಬೇರೆ ಇದೆ ತಾನೆ? ಹಾಕಿ ಬೇಗ."

ಪೆಟ್ಟಿಗೆಯಲ್ಲಿ ಗರಿಗಳಿದ್ದವು, ಚಾಕು ಇತ್ತು. ಏಳೆಂಟು ನಿಮಿಷ ಸಾಕಿತ್ತು. ದೊಡ್ಡಮ್ಮ ಚಾಕು ಕೈಗೆ ತೆಗೆದುಕೊಂಡಳು. ಅವಳು ಹೇಳುವ ಪ್ರಕಾರ ಮುಂದಿನದನ್ನು ಅವಳು ಯೋಚಿಸಿರಲಿಲ್ಲ. ಅವನ ಮುಖದ ಮೇಲಿನ ಗಾಬರಿಯನ್ನು ಅಷ್ಟು ಹತ್ತಿರದಿಂದ ನೋಡಿದ ಮೇಲೆ ತಾನಾಗಿಯೇ ಬಂತು.

"ಇಪ್ಪತ್ತೆರಡು ವರ್ಷದ ಹಿಂದೆ ಇಲ್ಲೇ ನಿಂತು ಒಂದು ಮಾತು ಹೇಳಿದ್ರಿ. ನೆನಪಿದ್ಯಾ?"

"ಈಗ ಅದೆಲ್ಲ ಯಾಕೆ? ಟೈಮಿಲ್ಲ ಅಮ್ಮಾ!"

"'ಸಂಗೀತ ಹೊಸದು, ರಿಪೇರಿ ಮಾಡಿದ ಕೈ ಹಳೇದು.' ಆ ಕೈ ನಮ್ಮಪ್ಪಂದು. ಆಮೇಲೆ ಅದು ಒಂದೇ ಒಂದು ಗರಿ ಕೊಯ್ಯಲಿಲ್ಲ."

"ಅಯ್ಯೋ… ಅದು ತಮಾಷೆಗೆ ಅಂದಿದ್ದು."

"ತಮಾಷೆಗೆ ಕೊಟ್ಟಿದ್ದನ್ನ ಈಗ ನೆಟ್ಟಗೆ ವಾಪಸ್ ತಗೊಳ್ಳಿ. ಹೇಗಿದ್ರೂ ಎರಡನೇ ಅರ್ಧಕ್ಕೆ ಮುಂಚೆ ಮೈಕಲ್ಲಿ ನೀವು ನಾಲ್ಕು ಮಾತು ಆಡ್ಬೇಕಲ್ಲ. ಅದ್ರಲ್ಲಿ ಮೂರು ನನ್ನವು. ಹೊಡೀಬೇಡಿ ಅಂತ ಅವರು ಹೇಳಿದ್ರು. ನೀವು ಕೇಳದೆ ಹೊಡೆದ್ರಿ. ಅವರ ಕೆಲಸದಲ್ಲಿ ತಪ್ಪಿರಲಿಲ್ಲ. ಇಷ್ಟು ಹೇಳಿ. ಆಮೇಲೆ ನಾನು ಕೊಯ್ತೀನಿ."

"ಹೇಳದೇ ಇದ್ರೆ?"

"ನಾಳೆ ಪೇಪರಲ್ಲಿ 'ಸಂಗೀತ ಹೊಸದು, ಟಕ್ ಟಕ್' ಅಂತ ಬರುತ್ತೆ."

ಜನ ಒಳಗೆ ಬಂದು ಕೂರತೊಡಗಿದರು. ಅವನು ಮೈಕಿನ ಬಳಿ ಹೋದ. ಮಾತಿನ ಮಲ್ಲ. ನಕ್ಕು, ಕೈ ಬೀಸಿ, ಹೊಸ ಕೃತಿಯ ವಿಷಯ ಹೇಳಿ, ಕೊನೆಗೆ, "ಈ ವಾದ್ಯಕ್ಕೂ ನನಗೂ ಹಳೇ ಜಗಳ. ಹುಡುಗಾಟದ ವಯಸ್ಸಿನಲ್ಲಿ ನಾವೆಲ್ಲ ಒಂದಿಷ್ಟು ಉಗುರು ಮುರಿದವರೇ!" ಎಂದ. ಜನ ನಕ್ಕರು. ಇಪ್ಪತ್ತೆರಡು ವರ್ಷದ ಹಿಂದೆ ನಕ್ಕ ಹಾಗೆಯೇ ನಕ್ಕರು ಎಂದು ದೊಡ್ಡಮ್ಮ ಹೇಳುತ್ತಾಳೆ.

ಅವಳು ಚಾಕುವನ್ನು ಒರೆಗೆ ಹಾಕಿದಳು. ಪೆಟ್ಟಿಗೆ ಮುಚ್ಚಿ ಅದರ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಳು. ಪರದೆಯ ಪಕ್ಕ ನಿಂತಿದ್ದ ನುಡಿಸುವ ಹುಡುಗಿ ಅವಳನ್ನೂ ಅವನನ್ನೂ ನೋಡುತ್ತಿದ್ದಳು.

ಅವನು ತಿರುಗಿ ಬಂದ. ಕತ್ತಿನ ಮೇಲೆ ಬೆವರಿಳಿಯುತ್ತಿತ್ತು. "ಹೇಳಿದ್ನಲ್ಲ!"

"ನೀವು ಜೋಕು ಹೇಳಿದ್ರಿ. ನಾನು ಕೇಳಿದ್ದು ಅದಲ್ಲ."

"ಎಲ್ಲರ ಮುಂದೆ ಹೀಗೆ ಮಾಡೋದು ನ್ಯಾಯವಾ?"

"ನೀವೂ ಎಲ್ಲರ ಮುಂದೆಯೇ ಮಾಡಿದ್ದು."

ಅವನು ಎರಡನೆಯ ಸಲ ಮೈಕಿಗೆ ಹೋದ. ಈ ಸಲ ಕೈ ಬೀಸಲಿಲ್ಲ. ಮೂರೂ ಮಾತುಗಳನ್ನು ಅವಳು ಹೇಳಿದ ಕ್ರಮದಲ್ಲೇ ಹೇಳಿದ. ಎಚ್ಚರಿಸಿದ್ದರು, ನಾನು ಕೇಳದೆ ಹೊಡೆದೆ, ಅವರ ಕೆಲಸದಲ್ಲಿ ತಪ್ಪಿರಲಿಲ್ಲ. ಜನ ನಗಲಿಲ್ಲ. ಚಪ್ಪಾಳೆಯನ್ನೂ ತಟ್ಟಲಿಲ್ಲ. ಚಪ್ಪಾಳೆ ಬಾರದೇ ಇದ್ದದ್ದು ದೊಡ್ಡಮ್ಮನಿಗೆ ಬಹಳ ಇಷ್ಟವಾಯಿತು. ಆದರೆ ಅವನು ಇಳಿಯುವ ಮೊದಲು ತಾನಾಗಿಯೇ ಒಂದು ಮಾತು ಸೇರಿಸಿದ: "ಆ ಮನೆಯವರ ಕೈ ಅಂದೂ ತಪ್ಪಲಿಲ್ಲ, ಇಂದೂ ತಪ್ಪಿಲ್ಲ."

'ಇಂದೂ' ಎಂಬುದನ್ನು ಅವಳು ಕೇಳಿರಲಿಲ್ಲ. ಗರಿಯ ಮೇಲಿಟ್ಟ ಚಾಕು ಅವಳ ಕೈಯಲ್ಲಿ ಒಂದು ಗಳಿಗೆ ನಿಂತಿತು. ಆಮೇಲೆ ಕೊಯ್ದಳು. ಬಾಕಿ ನಾಲ್ಕು ತಂತಿಯನ್ನೂ ಹೊಂದಿಸಿ ಆರು ನಿಮಿಷದಲ್ಲಿ ಮುಗಿಸಿದಳು. ನುಡಿಸುವ ಹುಡುಗಿ ಒಮ್ಮೆ ಒತ್ತಿ ನೋಡಿ, "ಇದು ಸ್ವಲ್ಪ ಗಟ್ಟಿ ಇದೆ ಅಕ್ಕಾ," ಎಂದಳು. "ಇದೇ ಸರಿಯಾದದ್ದು, ನುಡಿಸು," ಎಂದಳು ದೊಡ್ಡಮ್ಮ.

ಕೃತಿ ಕೊನೆಯವರೆಗೂ ಸಾಗಿತು, ಆರುನೂರ ನಲವತ್ತೂ ಕೇಳಿಸಿದವು. ಹೇಗಿತ್ತು ಎಂದು ನಾನು ಕೇಳಿದ್ದಕ್ಕೆ, "ಚೆನ್ನಾಗಿತ್ತು. ಅದೊಂದನ್ನ ನಾನು ಅವನಿಗೆ ಯಾವತ್ತೂ ಕ್ಷಮಿಸಲ್ಲ," ಎಂದಳು.

ಮಾರನೆಯ ಬೆಳಿಗ್ಗೆ ಅಡುಗೆಮನೆಯಲ್ಲಿ ಅವಳು ಅಜ್ಜಿಗೆ ಎಲ್ಲವನ್ನೂ ಹೇಳಿದಳು, ಮಧ್ಯಾಹ್ನದ ಎರಡು ನಿಮಿಷದ ಕೆಲಸವೊಂದನ್ನು ಬಿಟ್ಟು. ನಾನೂ ಅಲ್ಲಿದ್ದೆ. ಅಜ್ಜಿ ಪತ್ರಿಕೆ ತರಿಸಿ, ಕನ್ನಡಕ ಹಾಕಿಕೊಂಡು, ಒಳಪುಟದಲ್ಲಿ ಅಜ್ಜನ ವಿಷಯ ಬಂದಿದ್ದ ಮೂರು ಸಾಲನ್ನು ಬೆರಳಿಟ್ಟು ಓದಿದಳು.

"ಆ ಮುರಿದಿದ್ದನ್ನ ತಂದಿದ್ಯಾ?"

ದೊಡ್ಡಮ್ಮ ಸೆರಗಿನ ಗಂಟು ಬಿಚ್ಚಿ ಕೊಟ್ಟಳು. ಅಜ್ಜಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಗಂಡ ಕೊಯ್ಯುವ ಗರಿಗಳನ್ನು ಮೂವತ್ತು ವರ್ಷ ಆರಿಸಿಕೊಟ್ಟವಳು ಅವಳು. ಬೆರಳ ತುದಿಯಿಂದ ಉಗುರಿನ ಅಡಿಭಾಗವನ್ನು ಸವರಿದಳು. ತೆಳ್ಳಗೆ ಕೆರೆದದ್ದು ಬೆರಳಿಗೆ ಸಿಕ್ಕಿತು.

"ನಿಮ್ಮಪ್ಪ ಇದ್ದಿದ್ರೆ ಈ ಕೈ ಮೇಲೆ ಬಾರಿಸ್ತಿದ್ರು," ಎಂದಳು. "ಮೂಗು ಕೊಯ್ಕೊಂಡು ಎದುರಾಳಿಗೆ ಅಪಶಕುನ ಮಾಡೋಕೆ ಹೋಗಿದ್ಯಲ್ಲೇ, ಹುಚ್ಚಿ!"

ದೊಡ್ಡಮ್ಮ ತಲೆ ತಗ್ಗಿಸಿದಳು. ನಲವತ್ತೆಂಟು ವರ್ಷದವಳು ಬೈಸಿಕೊಂಡ ಮಗುವಿನಂತೆ ನಿಂತಿದ್ದಳು.

ಅಜ್ಜಿ ಆ ಚೂರನ್ನು ಒಲೆಯ ಉರಿಗೆ ಹಿಡಿದಳು. ಗರಿ ಸುಟ್ಟ ವಾಸನೆ ಅಡುಗೆಮನೆ ತುಂಬ ಹರಡಿತು. ಬೆರಳು ಒರೆಸಿಕೊಂಡು, ಮಣೆ ಎಳೆದುಕೊಂಡು, ಗೋಡೆಗೆ ಒರಗಿ ಸುಖವಾಗಿ ಕೂತಳು.

"ಹೂಂ. ಈಗ ಇನ್ನೊಂದ್ಸಲ ಹೇಳು, ನಿಧಾನಕ್ಕೆ. ಎರಡನೇ ಸಲ ಮೈಕಿಗೆ ಹೋದಾಗ ಅವನ ಮುಖ ಹೇಗಿತ್ತು?"